ಹುಲ್ಲಿನೊಳಗಿನ ಹಿಂಡಿ, ಹುಲ್ಲಿನೊಳಗಿನ ಗ್ಯಾಸು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಎರಡು ಎಮ್ಮೆ, ನಾಲ್ಕು ಆಡು, ಹತ್ತು ಕೋಳಿ ಸಾಕಿದವರ ಹಾಲು-ತತ್ತಿಯ ರೊಕ್ಕ ಎಲ್ಲಿ ಹೋಗತೈತಿ? ಹಿಂಡಿ ಅಂಗಡಿಗೆ. ನಾವು ಹಿಂಡಿ ಕೊಳ್ಳುವುದು ಅದರೊಳಗಿನ ಪ್ರೋಟೀನಿಗಾಗಿ. ಆ ಪ್ರೋಟೀನು ಹಸಿರು ಎಲೆಯೊಳಗೂ ಐತಿ. ದನ, ಆಡು ಎಲೆಯನ್ನು ನಾರಿನ ಸಮೇತ ಅರಗಿಸ್ತಾವ. ಕೋಳಿಗೆ, ಹಂದಿಗೆ ನಾರು ಅಷ್ಟಾಗಿ ಅರಗೂದಿಲ್ಲ. ಹಂಗಾದ್ರ ನಾರು ಬ್ಯಾರೆ, ಪ್ರೋಟೀನು ಬ್ಯಾರೆ ಮಾಡಬೇಕು.

ಕುದುರೆಮೆಂತೆಯನ್ನು, ಅಂದರೆ ಮರಾಠಿಯ ಲಸೂಣ್ ಘಾಸನ್ನು, ಎಳೆಯದಿದ್ದಾಗ ಕೊಯ್ದು ಅದೇ ದಿನ ಜಜ್ಜಿ ಹಿಂಡಬೇಕು. ಬಂದ ಹಸಿರು ರಸವನ್ನು 80–90 ಡಿಗ್ರಿಗೆ ಕಾಯಿಸಿದರೆ ಹಾಲು ಒಡದಂಗ ಒಡದು ಗಟ್ಟಿ ಬೇರೆಯಾಗತೈತಿ. ಬಟ್ಟೆಯಲ್ಲಿ ಸೋಸಿ ಒಣಗಿಸಿದರೆ ಅದೇ ಕೋಳಿಯ ಪ್ರೋಟೀನು. 10 ಕಿಲೋ ಹಸಿ ಮೇವಿಗೆ ಸುಮಾರು ಅರ್ಧ ಕಿಲೋ ಹಸಿ ಗಟ್ಟಿ ಸಿಗತೈತಿ. ಹಿಂಡಿದ ನಾರಿನಲ್ಲೂ ಪ್ರೋಟೀನು ಉಳಿದಿರತೈತಿ, ಅದು ಎಮ್ಮೆಗೆ. ಸೋಸಿದ ನೀರಿನಲ್ಲಿ ಸಕ್ಕರೆ ಅಂಶ ಐತಿ, ಅದು ಸಗಣಿ ಜೋಡಿ ಗೋಬರ್ ಗ್ಯಾಸ್ ಗುಂಡಿಗೆ. ರಸ ಕಾಯಿಸಾಕ ಗ್ಯಾಸು, ಹೊಲಕ್ಕ ಗುಂಡಿಯ ರಾಡಿ. ಹುಲ್ಲು ನೆಲದಿಂದ ಎಳಕೊಂಡ ಸತ್ವ ತಿರುಗಿ ನೆಲಕ್ಕ.

ಇದು ನಿನ್ನೆಯ ಮಾತಲ್ಲ. ಇಂಗ್ಲೆಂಡಿನ ರೊತಾಮ್‌ಸ್ಟೆಡ್ ಕೇಂದ್ರದ ವಿಜ್ಞಾನಿ ಎನ್. ಡಬ್ಲ್ಯೂ. ಪಿರಿ 1940ರ ದಶಕದಿಂದಲೇ ಎಲೆಯ ಪ್ರೋಟೀನಿನ ಬೆನ್ನು ಹತ್ತಿದ್ದರು. ನಮ್ಮ ಔರಂಗಾಬಾದಿನ ಮರಾಠವಾಡಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಆರ್. ಎನ್. ಜೋಶಿ ಮತ್ತು ಸಂಗಡಿಗರು ಕುದುರೆಮೆಂತೆಯ ಮೇಲೆ ಇದೇ ಕೆಲಸ ಮಾಡಿದರು. ಹೌದು, ಯಾವ ವಿಶ್ವವಿದ್ಯಾಲಯಕ್ಕೆ ಬಾಬಾಸಾಹೇಬರ ಹೆಸರಿಡಲು ನಮ್ಮವರು 1994ರ ತನಕ ಹೋರಾಡಿ ಜೀವ ಕೊಟ್ಟರೋ, ಅದೇ ವಿಶ್ವವಿದ್ಯಾಲಯ. ಈಗ ಡೆನ್ಮಾರ್ಕಿನವರು ಹೊರದೇಶದ ಸೋಯಾ ಕಡಿಮೆ ಮಾಡಬೇಕೆಂದು ಹುಲ್ಲಿನಿಂದ ಹಂದಿ-ಕೋಳಿಗೆ ಪ್ರೋಟೀನು ತೆಗೀತಾರ, ಉಳಿದ ರಸದಿಂದ ಗ್ಯಾಸು ಮಾಡ್ತಾರ.

ಈಗ ನಮ್ಮ ಪ್ರಶ್ನೆ: ಹುಲ್ಲು ಯಾರ ನೆಲದ್ದು? ದಾದಾಸಾಹೇಬ ಗಾಯಕವಾಡರು 1959ರಲ್ಲಿ ಭೂಹೀನರ ಸತ್ಯಾಗ್ರಹ ನಡೆಸಿದರು. 1990ರ ಏಪ್ರಿಲ್ 14ರವರೆಗಿನ ದಲಿತ-ಆದಿವಾಸಿಗಳ ಗಾಯರಾನ ಸಾಗುವಳಿಯನ್ನು ಸಕ್ರಮ ಮಾಡಲು 1991ರಲ್ಲಿ ಸರಕಾರದ ಆದೇಶ ಬಂತು. ನಿಮ್ಮ ಮನೆಯ ಸಾಗುವಳಿ ಸಾತ್‌ಬಾರಾ ಉತಾರದೊಳಗ ಏರೈತೇನು? ಏರಿರದಿದ್ದರೆ ಮೊದಲು ಆ ಕಾಗದ ಹಿಡೀರಿ. ಕಾಗದ ಇಲ್ಲದ ನೆಲದಾಗ ಮಿಶಿನ್ ಇಟ್ಟರೆ ನಾಳೆ ನೆಲವೂ ಇಲ್ಲ, ಮಿಶಿನ್ನೂ ಇಲ್ಲ.

ಎರಡನೆಯದು, ಮೇವು ಕೊಯ್ಯುವ ಅವ್ವ-ಅಕ್ಕಂದಿರಿಗೆ ಕೂಲಿಯಷ್ಟೇ ಅಲ್ಲ, ಲಾಭದಲ್ಲಿ ಪಾಲು ಬೇಕು. ಸಗಣಿ ಬಾಚುವುದು ನಮ್ಮ ಕೇರಿಗೆ, ಗ್ಯಾಸು ಊರ ದೊಡ್ಡ ಮನೆಗೆ ಅಂದರೆ ಅಂಥ ಯೋಜನೆ ನಮಗೆ ಬ್ಯಾಡ.

ಬ್ಯಾಸಗಿಯಲ್ಲಿ ಟ್ಯಾಂಕರ್ ನೀರು ಕುಡಿಯುವ ಊರಾಗ ಕುದುರೆಮೆಂತೆ ಹಾಕ್ರಿ ಅಂತ ನಾ ಹೇಳೂದಿಲ್ಲ. ನೀರಿದ್ದಲ್ಲಿ ಸಣ್ಣದಾಗಿ ಸುರು ಮಾಡೋಣ. 10 ಕಿಲೋ ಮೇವು, ಒಂದು ತೂಕದ ಕಾಟಾ, ಒಂದು ಲೆಕ್ಕದ ವಹಿ. ಕೋಳಿಗೆ ಹಾಕೋಕಿಂತ ಮೊದಲು ದನದ ಡಾಕ್ಟರನ್ನ ಕೇಳೋಣ. ಖರ್ಚು, ಉಳಿತಾಯ ಎಲ್ಲಾ ಬರೆದು ಮುಂದಿನ ಸಭೆಯಲ್ಲಿ ಎಲ್ಲರ ಮುಂದೆ ಓದೋಣ. ಲೆಕ್ಕ ಕೂಡಿದರೆ ದೊಡ್ಡದು ಮಾಡೋಣ, ಕೂಡದಿದ್ದರೆ ಬಿಡೋಣ. ಆದರೆ ಆ ವಹಿ ಮಾತ್ರ ನಮ್ಮ ಕೈಯಲ್ಲೇ ಇರಲಿ.

ಜೈಭೀಮ್.