ಹಳ್ಳ ತೊಳೆಯುವ ಕೂಲಿ ಯಾರ ಲೆಕ್ಕಕ್ಕೆ?

(ಗಿರಣಿ ಕೂಲಿಗಾರರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಮೇಷ್ಟ್ರಾಗಿದ್ದ ಶಾಲೆಯ ಹಿಂದೆ ಒಂದು ಹಳ್ಳವಿತ್ತು. ಮೇಲ್ಗಡೆ ಹಾಲಿನ ಕಾರ್ಖಾನೆಯೊಂದು ಬಂದ ಮೇಲೆ ಅದರ ನೀರು ಮೊದಲು ಬೆಳ್ಳಗಾಯಿತು, ಆಮೇಲೆ ಕಪ್ಪಾಯಿತು. ನಾತಕ್ಕೆ ಕಿಟಕಿ ಮುಚ್ಚಿ ಪಾಠ ಹೇಳಬೇಕಾಯಿತು. ಹೋಗಿ ಕೇಳಿದರೆ, "ಹಾಲು ತೊಳೆದ ನೀರು ತಾನೆ ಮೇಷ್ಟ್ರೇ, ವಿಷವಲ್ಲವಲ್ಲ!" ಎಂದರು. ಆ ಮಾತಿಗೆ ಇವತ್ತು ಲೆಕ್ಕ ಹಾಕಿ ಉತ್ತರ ಕೊಡುತ್ತೇನೆ.

ಹಾಲು ವಿಷವಲ್ಲ, ನಿಜ. ಆದರೆ ನೀರಿಗೆ ಬಿದ್ದ ಹಾಲನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ. ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ. 1 ಲೀಟರ್ ಹಾಲಿಗೆ ಸುಮಾರು 100 ಗ್ರಾಂ ಆಮ್ಲಜನಕ ಬೇಕು. 1 ಲೀಟರ್ ಒಳ್ಳೆಯ ಹೊಳೆ ನೀರಿನಲ್ಲಿರುವುದು ಸುಮಾರು 8 ಮಿಲಿಗ್ರಾಂ ಮಾತ್ರ. ಭಾಗಿಸಿ ನೋಡಿ: ಒಂದು ಲೀಟರ್ ಹಾಲು 12,500 ಲೀಟರ್ ನೀರಿನ ಉಸಿರನ್ನು ಕಸಿಯುತ್ತದೆ. ಮೀನು ಉಸಿರು ಕಟ್ಟಿ ಸಾಯುತ್ತವೆ. ಊರ ಚರಂಡಿಯ ನೀರು ಲೀಟರಿಗೆ 200ರಿಂದ 300 ಮಿಲಿಗ್ರಾಂ ಆಮ್ಲಜನಕ ಬೇಡಿದರೆ, ಕೊಳವೆ, ಟ್ಯಾಂಕು, ಕ್ಯಾನು ತೊಳೆದ ಹಾಲಿನ ಕಾರ್ಖಾನೆಯ ನೀರು ಸಾಮಾನ್ಯವಾಗಿ 1,000ದಿಂದ 3,000 ಬೇಡುತ್ತದೆ.

ಇದಕ್ಕೆ ಉಪಾಯವಿಲ್ಲವೆ? ಇದೆ, ಹಳೆಯದೇ ಇದೆ. ಅಮೆರಿಕದ ಲಾರೆನ್ಸ್ ಬಟ್ಟೆ ಗಿರಣಿಗಳ ಊರು. 1912ರ ಗಿರಣಿ ಮುಷ್ಕರದಿಂದ ಹೆಸರಾದದ್ದು. ಅಲ್ಲಿ 1887ರಲ್ಲಿ ತೆರೆದ ಪ್ರಯೋಗಶಾಲೆಯಲ್ಲಿ ಚರಂಡಿ ನೀರನ್ನು ಮರಳು, ಜಲ್ಲಿಗಳ ಮೂಲಕ ಇಳಿಸಿ ನೋಡಿದರು. ಕಲ್ಲಿಗೆ ಲೋಳೆ ಹತ್ತಿತು, ನೀರು ತಿಳಿಯಾಯಿತು. ಬಾವಿಯ ಮೆಟ್ಟಿಲ ಮೇಲೆ ಕಾಲು ಜಾರಿಸುವ ಲೋಳೆಯಂಥದೇ ಅದು. ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ತಾವೇ ಅಂಟು ಸುರಿಸಿ ಅಲ್ಲಿ ಮನೆ ಕಟ್ಟಿಕೊಂಡು, ಹರಿದುಬಂದ ಹೊಲಸನ್ನು ತಿನ್ನುತ್ತವೆ.

1980ರ ದಶಕದ ಕೊನೆಯಲ್ಲಿ ನಾರ್ವೆಯವರು ಜಲ್ಲಿಯ ಬದಲು ಸಣ್ಣ ಸಣ್ಣ ಪ್ಲಾಸ್ಟಿಕ್ ಗಾಲಿಗಳನ್ನು ಟ್ಯಾಂಕಿನಲ್ಲಿ ಬಿಟ್ಟರು. ಕೆಳಗಿನಿಂದ ಗಾಳಿ ಊದಿದರೆ ಅವು ಕುದಿಯುವ ಅಕ್ಕಿಯಂತೆ ಸುತ್ತುತ್ತವೆ. ಲೋಳೆ ಅವುಗಳ ಒಳಮೈಯಲ್ಲಿ ಬೆಳೆಯುತ್ತದೆ. ಇಂಥ 1 ಘನ ಮೀಟರ್ ಗಾಲಿಗಳಲ್ಲಿ ಲೋಳೆಗೆ ಸಿಗುವ ಜಾಗ ಸುಮಾರು 500 ಚದರ ಮೀಟರ್, ಅಂದರೆ 5 ಗುಂಟೆ! ಸ್ವಲ್ಪ ಜಾಗದಲ್ಲಿ ಬಹಳ ಕೆಲಸ.

ಆದರೆ ಈ ಕೆಲಸಗಾರನಿಗೂ ನ್ಯಾಯವಾದ ಬೇಡಿಕೆಗಳಿವೆ. ಮೊದಲು ಜಿಡ್ಡನ್ನು ತೆಗೆಯಬೇಕು. ಇಲ್ಲದಿದ್ದರೆ ಅದು ಲೋಳೆಯ ಮೇಲೆ ಮುಸುಕು ಹಾಕುತ್ತದೆ. ಯಂತ್ರ ತೊಳೆದ ಕಾಸ್ಟಿಕ್ ಸೋಡಾ, ಆಮ್ಲ ಒಮ್ಮೆಲೇ ನುಗ್ಗದಂತೆ ಬೇರೊಂದು ತೊಟ್ಟಿಯಲ್ಲಿ ಬೆರೆಸಿ ಹದ ಮಾಡಿ ಬಿಡಬೇಕು. ಕಳಚಿದ ಲೋಳೆ ತಳಕ್ಕೆ ಇಳಿಯಲು ಕೊನೆಯಲ್ಲೊಂದು ತೊಟ್ಟಿ ಬೇಕು. ಎಲ್ಲಕ್ಕಿಂತ ಮೇಲಾಗಿ ಹಗಲೂ ರಾತ್ರಿ ಗಾಳಿ ಬೇಕು.

ಗುಟ್ಟು ಇರುವುದು ಇಲ್ಲಿಯೇ. ಗಾಳಿ ಊದಲು ಕರೆಂಟು ಬೇಕು, ಕರೆಂಟಿಗೆ ಬಿಲ್ಲು ಬರುತ್ತದೆ. ಸಾಹೇಬರು ಬಂದಾಗ ಯಂತ್ರ ಓಡಿಸಿ, ರಾತ್ರಿ ನಿಲ್ಲಿಸಿದರೆ ಉಸಿರಿಲ್ಲದೆ ಲೋಳೆ ಕೆಡುತ್ತದೆ. ಹೊಲಸು ಹಳ್ಳಕ್ಕೆ ಇಳಿಯುತ್ತದೆ. ಉಳಿದ ಬಿಲ್ಲಿನ ಹಣ ಕಾರ್ಖಾನೆಗೆ. ಕೆಟ್ಟ ಬಾವಿ, ಸತ್ತ ಮೀನು, ಕುಡಿಯಲೊಲ್ಲದ ದನ ಕೆಳಗಿನ ಊರಿಗೆ. ಇದು ಯಾವ ಲೆಕ್ಕದ ನ್ಯಾಯ?

ಹಾಲಿನ ಬೆಲೆ ಏರೀತೆಂದು ಚಹದಂಗಡಿಯ ಮಿತ್ರರು ಹೆದರಬಹುದು. ಮೊದಲು ಸೋರುವ ನಲ್ಲಿ ಕಟ್ಟಲಿ, ಕೊಳವೆಯಲ್ಲಿ ಉಳಿದ ಹಾಲನ್ನು ತೊಳೆಯುವ ಮುನ್ನ ಹಿಡಿದಿಡಲಿ. ಚೆಲ್ಲಿದ ಪ್ರತಿ ಲೀಟರೂ ಎರಡು ಸಲ ನಷ್ಟ: ಮಾರಲಿಲ್ಲವೆಂದು ಒಂದು, ಶುದ್ಧಿಮಾಡಬೇಕೆಂದು ಇನ್ನೊಂದು.

ಮಂಡಲಿಯ ಒಪ್ಪಿಗೆಯಿಲ್ಲದೆ ಹೊಲಸು ನೀರು ಬಿಡಬಾರದೆಂದು 1974ರ ಜಲ ಕಾಯಿದೆ ಹೇಳುತ್ತದೆ. ನಮ್ಮ ಬೇಡಿಕೆ ಮೂರೇ. ಗಾಳಿ ಊದುವ ಯಂತ್ರಕ್ಕೆ ಬೇರೆ ಮೀಟರು ಇಡಬೇಕು. ನೀರಿನ ಪರೀಕ್ಷೆಯ ಫಲಿತಾಂಶವನ್ನು ಗೇಟಿನಲ್ಲಿ ಕನ್ನಡದಲ್ಲಿ ಬರೆದು ತೂಗುಹಾಕಬೇಕು. ಕೆಸರಿನ ತೊಟ್ಟಿಯಲ್ಲಿ ಕೊಲ್ಲುವ ಗಾಳಿ ನಿಂತಿರುತ್ತದೆ. ಯಾವ ಕೂಲಿಯವನನ್ನೂ ಹಗ್ಗ ಕಟ್ಟಿ ಅದರೊಳಗೆ ಇಳಿಸಕೂಡದು.

ನೀವು ಹಗಲು ರಾತ್ರಿ ಪಾಳಿ ಮಾಡಿದವರು. ರಾತ್ರಿ ಪಾಳಿಯ ಯಂತ್ರ ಓಡುತ್ತಿದೆಯೋ ನಿಂತಿದೆಯೋ ಎಂಬುದು ಗೋಡೆಯಾಚೆಯಿಂದಲೇ ನಿಮ್ಮ ಕಿವಿಗೆ ಗೊತ್ತಾಗುತ್ತದೆ. ಆ ಕಿವಿ ತೆರೆದಿಡಿ. ನಿಂತ ದಿನ, ನಿಂತ ಗಂಟೆ ಬರೆದಿಡಿ. ಆ ಪಟ್ಟಿಯನ್ನು ಹಿಡಿದು ಮಂಡಲಿಯ ಬಾಗಿಲಿಗೆ ಒಟ್ಟಾಗಿ ಹೋಗೋಣ.