ಚಕ್ರದ ಮೇಲಿನ ಮನೆ ಸೋರಿದಾಗ
(ಬಾನುಲಿ ಭಾಷಣ)

ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಸೋರುವ ಮನೆ ಹೊಸದಲ್ಲ. ಆಷಾಢದ ಮಳೆಯಲ್ಲಿ ಹೆಂಚು ಜಾರಿತೆಂದರೆ ಅದರಡಿಗೆ ಒಂದು ಹಂಡೆ, ಪಕ್ಕದ ಹೆಂಚಿನಡಿಗೆ ಒಂದು ಚರಿಗೆ. ಮಳೆ ಬಿಟ್ಟ ಮೇಲೆ ಏಣಿ ಹಾಕಿ ಹೆಂಚು ಸರಿಸಿದರೆ ಆ ಅಧ್ಯಾಯ ಮುಗಿಯಿತು. ಸೋರುವ ಮಾಳಿಗೆ ಎಂದೊಡನೆ ನಿಮಗೆ ಶಿಶುನಾಳ ಶರೀಫರು ನೆನಪಾಗಿರಬೇಕು. ಅವರ ಮಾಳಿಗೆಯೇ ಬೇರೆ, ಅದರ ದುರಸ್ತಿಯೇ ಬೇರೆ. ನಾನು ಹೇಳಹೊರಟಿರುವುದು ಬರಿಯ ಪ್ಲೈವುಡ್ಡಿನ ಮಾತು; ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ನನ್ನ ಮಗಳ ಮನೆಯ ಮುಂದೆ ನಿಂತಿದ್ದ, ಚಕ್ರದ ಮೇಲಿನ ಮನೆಯೊಂದು ಸೋರಿದ ಮಾತು.

ಅಮೆರಿಕನ್ನರಿಗೆ ಸಂಚಾರಿ ಮನೆಯ ಹಂಬಲ ಹಳೆಯದು. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಟ್ರಕ್ಕಿನ ಬೆನ್ನ ಮೇಲೆ ಪುಟ್ಟ ಮನೆಯೊಂದನ್ನು ಕಟ್ಟಿಸಿಕೊಂಡು, ಚಾರ್ಲಿ ಎಂಬ ನಾಯಿಯೊಡನೆ ದೇಶ ಸುತ್ತಿದ. ಆ ವಾಹನಕ್ಕೆ ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರನ್ನಿಟ್ಟು ರೋಸಿನಾಂಟೆ ಎಂದು ಕರೆದ. ಆ ಪ್ರವಾಸದ ಪುಸ್ತಕ 1962ರಲ್ಲಿ ಹೊರಬಂದಿತು. ನೊಬೆಲ್ ಪ್ರಶಸ್ತಿ ಬಂದದ್ದೂ ಅದೇ ವರ್ಷ. ತರಗತಿಯಲ್ಲಿ ಪ್ರವಾಸ ಸಾಹಿತ್ಯದ ಪ್ರಸ್ತಾಪ ಬಂದಾಗಲೆಲ್ಲ ನಾನು ಆ ಪುಸ್ತಕವನ್ನು ಹೊಗಳಿದ್ದುಂಟು. ಆದರೆ ಒಬ್ಬ ಮನುಷ್ಯ ಒಂದು ನಾಯಿಯೊಡನೆ ಹೊರಡುವುದು ಒಂದು ಬಗೆ. ಎಂಟು ಜನರ ಸಂಸಾರ ಹೊರಡುವುದು ಇನ್ನೊಂದು ಬಗೆ.

ಮಗಳು, ಅಳಿಯ, ನಾಲ್ವರು ಮಕ್ಕಳು. 2023ರ ಮೇ ತಿಂಗಳಲ್ಲಿ ಹೋಗಿ ಸೇರಿಕೊಂಡ ನಾವಿಬ್ಬರು. ಹಿಂದಿನ ಶರತ್ಕಾಲದಲ್ಲಿ ಅಳಿಯಂದಿರು ಹಳೆಯ ಮೋಟರ್‌ಹೋಮ್ ಒಂದನ್ನು ಅಗ್ಗವಾಗಿ ಕೊಂಡಿದ್ದರು. ಅಲ್ಲಿಯವರು ಇಂಥ ವಾಹನಗಳನ್ನು ಮೂರು ವರ್ಗ ಮಾಡುತ್ತಾರೆ. ಬಸ್ಸಿನಂತಿರುವುದು ಎ ವರ್ಗ. ವ್ಯಾನಿನ ಹೊಟ್ಟೆಯೊಳಗೇ ಸಂಸಾರ ಹೂಡಿದ್ದು ಬಿ. ಮುಖ ವ್ಯಾನಿನದು, ಹಿಂಭಾಗ ಪೆಟ್ಟಿಗೆಯಂಥ ಮನೆ, ಚಾಲಕನ ನೆತ್ತಿಯ ಮೇಲೆ ಮುಂದಕ್ಕೆ ಚಾಚಿದ ಮಲಗುವ ಅಟ್ಟ, ಇದು ಸಿ. ನಮ್ಮದು ಸಿ ವರ್ಗದ್ದು. ಆ ಅಟ್ಟವೇ ಮೊಮ್ಮಕ್ಕಳಿಗೆ ಸ್ವರ್ಗವಾಗಿತ್ತು.

ನಾವು ಹೋದ ಮರುದಿನ ವಾಹನದೊಳಗೆ ಕಾಲಿಟ್ಟ ನನ್ನ ಹೆಂಡತಿ ಬಾಗಿಲಲ್ಲೇ ನಿಂತು, "ಇಲ್ಲಿ ಮುಗ್ಗಲು ವಾಸನೆ" ಎಂದಳು. ಆಕೆ ತೀರ್ಥಹಳ್ಳಿಯ ಕಡೆಯವಳು. ಮಳೆಗಾಲದಲ್ಲಿ ಅಕ್ಕಿಯ ಮೂಟೆ, ಮದುವೆಯ ಸೀರೆ, ಮಾವನವರ ಪಂಚಾಂಗ ಎಲ್ಲವನ್ನೂ ಮೂಗಿನಿಂದಲೇ ಪರೀಕ್ಷಿಸಿದವಳು. ಅಳಿಯಂದಿರು ನಕ್ಕರು. ಒಳಗೋಡೆಯ ಹಲಗೆ ಹೊಸದಾಗಿ ಹೊಳೆಯುತ್ತಿತ್ತು. ಆಕೆ ಅಟ್ಟದ ಹಾಸಿಗೆ ಎತ್ತಿಸಿ, ಮೂಲೆಯಲ್ಲಿ ಹೆಬ್ಬೆರಳು ಒತ್ತಿದಳು. ನೆನೆದ ರಸ್ಕಿನೊಳಗೆ ಇಳಿದಂತೆ ಬೆರಳು ಒಳಗೆ ಇಳಿಯಿತು. ಅದರ ಮೇಲೆಯೇ ಮೂರು ಮಕ್ಕಳು ಮಲಗುತ್ತಿದ್ದರೆಂಬುದು ಆಮೇಲೆ ಹೊಳೆದು ಎಲ್ಲರೂ ಮೌನವಾದರು.

ಸಿ ವರ್ಗದ ವಾಹನಗಳಿಗೆ ಇದು ಹಣೆಬರಹವಿದ್ದಂತೆ. ಅಕ್ಷರಶಃ ಹಣೆಯಲ್ಲಿಯೇ ಬರೆದದ್ದು. ಮುಂದೆ ಚಾಚಿದ ಆ ಭಾಗ ಗಾಳಿಯನ್ನೂ ಮಳೆಯನ್ನೂ ಎದುರಿನಿಂದ ತಿನ್ನುತ್ತದೆ. ಮಾಡಿನ ಹೊದಿಕೆ ಮುಂಗೋಡೆಗೆ ಕೂಡುವ ಸಂದಿನ ಮೇಲೆ ಲೋಹದ ಪಟ್ಟಿ, ಪಟ್ಟಿಗೆ ಸಾಲಾಗಿ ತಿರುಪುಗಳು, ಹಣೆಯ ಮೇಲೆ ಐದು ಪುಟ್ಟ ದೀಪಗಳು. ಒಂದೊಂದು ತಿರುಪೂ ಒಂದೊಂದು ತೂತು. ರಸ್ತೆಯ ಕುಲುಕಾಟಕ್ಕೆ ಸಂದು ಸಡಿಲುತ್ತದೆ, ಬಿಸಿಲಿಗೆ ಅಂಟು ಒಣಗಿ ಬಿರಿಯುತ್ತದೆ, ಆ ಬಿರುಕಿನಲ್ಲಿ ನಿಂತ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬಿ ದಾರಿಯನ್ನು ಇನ್ನಷ್ಟು ಅಗಲಿಸುತ್ತದೆ. ಒಳಹೊಕ್ಕ ನೀರು ಹೊಕ್ಕಲ್ಲೇ ತೊಟ್ಟಿಕ್ಕುವುದಿಲ್ಲ. ರೀಪಿನಗುಂಟ ಹರಿದು ನಾಲ್ಕು ಮಾರು ಆಚೆ ಕಲೆಯಾಗಿ ತೋರುತ್ತದೆ. ಕಲೆ ಕಂಡಲ್ಲಿ ಮದ್ದು ಹಚ್ಚುವವನು ರೋಗವನ್ನು ಬಿಟ್ಟು ನೆರಳಿಗೆ ಲೇಪ ಹಾಕಿದಂತೆ.

ಅಳಿಯಂದಿರು ವೃತ್ತಿಯಲ್ಲಿ ಲೆಕ್ಕಿಗರು, ಸ್ವಭಾವದಲ್ಲಿ ಹಟವಾದಿಗಳು. ದುರಸ್ತಿಯನ್ನು ತಾವೇ ಮಾಡುವುದೆಂದು ನಿಶ್ಚಯಿಸಿದರು. ನೀರಿನ ಕೊಳವೆಯನ್ನು ಮೊದಲು ಕೆಳಗಿನ ಸಂದಿಗೆ ಹಿಡಿದು, ತಡೆದು ತಡೆದು ಮೇಲಕ್ಕೆ ಏರಿಸುತ್ತ ಹೋಗಬೇಕು. ಮೇಲಿನಿಂದ ಶುರುಮಾಡಿದರೆ ಎಲ್ಲ ಸಂದುಗಳೂ ಒಟ್ಟಿಗೆ ನೆನೆದು ಕಳ್ಳ ಯಾರೆಂದು ತಿಳಿಯದೆ ಹೋಗುತ್ತದೆ. ಒಳಗೆ ಟಾರ್ಚು ಹಿಡಿದು ಕೂತು ವರದಿ ಒಪ್ಪಿಸುವ ಕೆಲಸ ನನ್ನದಾಗಿತ್ತು. ಮೂರನೆಯ ದೀಪದ ಹಿಂದಿನಿಂದ ಮೊದಲ ಹನಿ ಇಣುಕಿತು; ಆಮೇಲೆ ಮೇಲಿನ ಸಂದು ಸುರಿಸತೊಡಗಿತು.

ಹೊಳೆಯುವ ಹಲಗೆ ಬಿಚ್ಚಿದಾಗ ಹಳೆಯ ಮಾಲೀಕನ ಕೈಚಳಕ ಬಯಲಾಯಿತು. ಮೂರು ಮಿಲಿಮೀಟರ್ ದಪ್ಪದ ಹೊಸ ಪ್ಲೈವುಡ್ಡಿನ ಹಿಂದೆ ಕಪ್ಪಗೆ ಬೂಷ್ಟು ಹಿಡಿದ ರೀಪುಗಳು, ಒದ್ದೆ ಹತ್ತಿಯಂತೆ ಜೋತುಬಿದ್ದ ಗಾಜಿನ ನೂಲು. ಕೊಳೆತದ್ದು ಆತನಿಗೆ ಗೊತ್ತಿತ್ತು, ಮುಚ್ಚಿ ಮಾರಿದ್ದ. ಮಾಡಿನ ಸಂದಿಗೆ ಸಿಲಿಕೋನ್ ಅಂಟನ್ನು ಧಾರಾಳವಾಗಿ ಮೆತ್ತಿದ್ದ. ಕಲಿಯಬೇಕಾದವರು ಇದೊಂದನ್ನು ಕಲಿಯಬೇಕು: ಒಣಗಿದ ಸಿಲಿಕೋನಿನ ಮೇಲೆ ಬೇರಾವ ಅಂಟೂ ನಿಲ್ಲದು, ಹೊಸ ಸಿಲಿಕೋನು ಕೂಡ ಸರಿಯಾಗಿ ಹಿಡಿಯದು. ಅದನ್ನು ಕೆರೆದು ತೆಗೆಯಲು ಹಿಡಿದಷ್ಟು ದಿನಗಳು ಮರಗೆಲಸಕ್ಕೆ ಹಿಡಿಯಲಿಲ್ಲ.

ಮುಂದಿನದು ನಿಧಾನದ ಕೆಲಸ. ಮೂಗಿಗೆ ಮುಖವಾಡ ಕಟ್ಟಿ ಕೊಳೆತದ್ದನ್ನೆಲ್ಲ ಕಿತ್ತು, ಗಟ್ಟಿಮರ ಸಿಕ್ಕಿದ ಮೇಲೂ ಒಂದಡಿ ಮುಂದೆ ಹೋಗಿ ಕತ್ತರಿಸಿದರು. ಫ್ಯಾನು ಹಚ್ಚಿ ದಿನಗಟ್ಟಲೆ ಒಣಗಿಸಿದರು. ಮರದ ತೇವ ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರಕ್ಕೆ ಬದುಕು ನಡೆಯದು. ಅದನ್ನು ಅಳೆಯುವ ಎರಡು ಮುಳ್ಳಿನ ಉಪಕರಣವೂ ಉಂಟು. ಉಳಿದ ಮರಕ್ಕೆ ಬೋರೇಟ್ ದ್ರಾವಣ ಬಳಿದು, ಹೊಸ ರೀಪುಗಳನ್ನು ಹಳೆಯವಕ್ಕೆ ಜೋಡಿಯಾಗಿ ಅಂಟಿಸಿ ತಿರುಪು ಹಾಕಿದರು. ಲೋಹದ ಪಟ್ಟಿಯಡಿಗೆ ಬ್ಯುಟೈಲ್ ಎಂಬ, ಹಲಸಿನ ಅಂಟಿನಂಥ ನಾಡ. ಮೇಲೆ ತಾನಾಗಿ ಹರಡಿ ಸಮನಾಗುವ ಲೇಪ. ಪ್ರತಿಯೊಂದು ಹಂತವನ್ನೂ ಮಗಳು ಚಿತ್ರ ತೆಗೆದಳು. ಇಷ್ಟೆಲ್ಲ ಚಿತ್ರ ಏತಕ್ಕೆಂದು ನನಗೆ ಆಗ ತಿಳಿಯಲಿಲ್ಲ.

ಮನೆ ಗಟ್ಟಿಯಾಯಿತು. ಆದರೆ ಆ ವಾಹನದಲ್ಲಿ ಸೀಟ್‌ಬೆಲ್ಟುಗಳಿದ್ದುದು ಆರು, ನಾವು ಎಂಟು. ಹಾಗಾಗಿ ದೊಡ್ಡದೊಂದನ್ನು ನೋಡಲು ಹೊರಟೆವು. ಎಲ್ಕಾರ್ಟ್ ಪಟ್ಟಣದ ಸುತ್ತಮುತ್ತಲೇ ಆ ದೇಶದ ಇಂಥ ವಾಹನಗಳ ಬಹುಪಾಲು ತಯಾರಾಗುವುದರಿಂದ ನೋಡಲು ಬರವಿರಲಿಲ್ಲ. ಒಂದು ಭವ್ಯ ವಾಹನದ ಮುಂದೆ ಮಾರಾಟಗಾರ, "ಹತ್ತು ಜನ ಮಲಗಬಹುದು" ಎಂದು ಘೋಷಿಸಿದ. ಮೇಜು ಮಡಚಿ, ಸೋಫಾ ಬಿಚ್ಚಿ ತೋರಿಸಿದ, ಹತ್ತೂ ನಿಜವೇ. ಕಿರಿಯ ಮೊಮ್ಮಗಳು ಮಾತ್ರ ಅತ್ತಿತ್ತ ಓಡಾಡಿ ಬೆಲ್ಟುಗಳನ್ನು ಎಣಿಸಿ ಬಂದು, "ಏಳೇ ಇವೆ, ತಾತ" ಎಂದಳು. ಅವುಗಳಲ್ಲಿ ಎರಡು, ರಸ್ತೆಗೆ ಅಡ್ಡವಾಗಿ ಮುಖಮಾಡಿದ ಸೋಫಾದ್ದು. ಅಪಘಾತದಲ್ಲಿ ಅಂಥ ಆಸನ ನಂಬತಕ್ಕದ್ದಲ್ಲ. ಮಲಗುವವರ ಲೆಕ್ಕ ಬೇರೆ, ಕೂತು ಸಾಗುವವರ ಲೆಕ್ಕ ಬೇರೆ.

ಬಾಗಿಲ ಬಳಿ ಹಳದಿ ಚೀಟಿಯೊಂದಿತ್ತು. ಜನ, ನೀರು, ಸಾಮಾನು ಎಲ್ಲ ಸೇರಿ 1,500 ಪೌಂಡು, ಎಂದರೆ ಸುಮಾರು 680 ಕಿಲೋ ಮೀರಕೂಡದು. ಅಳಿಯಂದಿರು ಅಲ್ಲೇ ಕೂಡಿದರು. ಎಂಟು ಜನ 400 ಕಿಲೋ ಸಮೀಪ. ತೊಟ್ಟಿ ತುಂಬ ನಲವತ್ತು ಗ್ಯಾಲನ್ ನೀರೆಂದರೆ 150. ಉಳಿದದ್ದು 130 ಕಿಲೋದಲ್ಲಿ ಹಾಸಿಗೆ, ಹೊದಿಕೆ, ಪಾತ್ರೆ, ಅಕ್ಕಿ, ನಾಲ್ಕು ಸೈಕಲ್ಲು. ಅಷ್ಟು ದೊಡ್ಡ ಮನೆಗೆ ಇಷ್ಟು ಸಣ್ಣ ಜೇಬೇ ಎಂದು ನನಗೆ ಆಶ್ಚರ್ಯವಾಯಿತು.

ಆ ರಾತ್ರಿ ನಾವಿಬ್ಬರೂ, ನಮಗೆ ಪ್ರಯಾಣದ ಆಯಾಸ ಬೇಡ, ಮನೆಯಲ್ಲೇ ಇರುತ್ತೇವೆ, ನೀವು ಆರು ಜನ ಹೋಗಿಬನ್ನಿ ಎಂದೆವು. ಮುದುಕರು ಇಂಥ ಸುಳ್ಳನ್ನು ಸಲೀಸಾಗಿ ಹೇಳುತ್ತಾರೆ. ಮಗಳು ಉತ್ತರ ಕೊಡದೆ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು. ಪಾತ್ರೆಗಳ ಸದ್ದು ಎಂದಿಗಿಂತ ಜೋರಾಗಿತ್ತು.

ಬೆಳಿಗ್ಗೆ ಅಳಿಯಂದಿರು ಹೊಸ ಲೆಕ್ಕ ತಂದರು. ಮನೆಯಲ್ಲಿ ಎಂಟು ಆಸನದ, ಎಂಟು ಬೆಲ್ಟಿನ ಗಟ್ಟಿ ವಾಹನವೊಂದು ಆಗಲೇ ಇತ್ತು. ಅದು ಎಳೆಯಬಲ್ಲ ಟ್ರೇಲರ್ ಕೊಂಡರೆ ಎಲ್ಲರೂ ಮುಂದಿನ ವಾಹನದಲ್ಲಿ ಕೂರಬಹುದು. ಇಲ್ಲಿಯೂ ಒಂದು ಮುಳ್ಳು: ಟ್ರೇಲರಿನ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಕ್ಕೆಯ ಮೇಲೆ ಬೀಳುತ್ತದೆ, ಅದನ್ನೂ ಎಂಟು ಜನರ ತೂಕದೊಡನೆ ಕೂಡಬೇಕು. ಆದ್ದರಿಂದ ಸಣ್ಣದೇ ಆಗಬೇಕು. ಹಿಂದೆ ಮಕ್ಕಳಿಗೆ ಅಗಲವಾದ ಎರಡಂತಸ್ತಿನ ಮಂಚ, ಮುಂದೆ ಅವರಿಬ್ಬರಿಗೆ ಹಾಸಿಗೆ, ರಾತ್ರಿ ಮಡಚಿದ ಊಟದ ಮೇಜಿನ ಮೇಲೆ ನಾವು.

ಹಳೆಯ ಮೋಟರ್‌ಹೋಮನ್ನು ಮಾರಬೇಕಾಯಿತು. ಹೊರಗೆ ಯಾವ ಗುರುತೂ ಇರಲಿಲ್ಲ. ಸುಮ್ಮನಿದ್ದಿದ್ದರೆ ಒಳ್ಳೆಯ ಬೆಲೆ ಬರುತ್ತಿತ್ತು. ಕೊಳ್ಳಲು ಬಂದ ವೃದ್ಧ ದಂಪತಿಯ ಮುಂದೆ ಮಗಳು ಚಿತ್ರಗಳನ್ನೆಲ್ಲ ಹರಡಿ, ಕೊಳೆತದ್ದು ಎಲ್ಲಿ, ಕತ್ತರಿಸಿದ್ದು ಎಷ್ಟು ಎಂದು ವಿವರಿಸಿದಳು. ಅವರು ಬಹಳ ಹೊತ್ತು ನೋಡಿ, ಕೇಳಿದ್ದಕ್ಕಿಂತ ಕಡಿಮೆ ಕೊಟ್ಟು ಒಯ್ದರು. ಅವರೊಡನೆ ಒಂದು ನಾಯಿಯಿತ್ತು.

ಟ್ರೇಲರ್ ನೋಡಲು ಹೋದಾಗ ಅಳಿಯಂದಿರು ಯಾರ ಮಾತನ್ನೂ ಕೇಳದೆ ನನ್ನ ಹೆಂಡತಿಯನ್ನು ಮುಂದೆ ಬಿಟ್ಟರು. ಆಕೆ ಚಪ್ಪಲಿ ಕಳಚಿ ಒಳಹೊಕ್ಕು, ಒಂದೊಂದು ಕಪಾಟಿನ ಬಾಗಿಲು ತೆರೆದು ಮೂಸಿದಳು, ನಾಲ್ಕೂ ಮೂಲೆಗಳಲ್ಲಿ ಹೆಬ್ಬೆರಳು ಒತ್ತಿದಳು. ಮಾರುವವನು ಕೈಕಟ್ಟಿ ನಿಂತು ನೋಡುತ್ತಿದ್ದ. ಮೂರನೆಯ ಟ್ರೇಲರಿನಿಂದ ಹೊರಬಂದ ಆಕೆ ಕಾಲಿಗೆ ಚಪ್ಪಲಿ ಹಾಕಿಕೊಳ್ಳುತ್ತ, "ಇದು ಆದೀತು" ಎಂದಳು.