ನಿಲ್ಲುವ ಗಾಡಿ



ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರಿನಲ್ಲಿ ನನ್ನ ವಾಸ. ಜಕ್ಕೂರು ಎಂದೊಡನೆ ಬಹಳ ಮಂದಿಗೆ ನೆನಪಾಗುವುದು ಅಲ್ಲಿಯ ಹಳೆಯ ವಿಮಾನ ತರಬೇತಿ ಮೈದಾನ. ಆದರೆ ಇರುಳು ಊರಿನ ಗದ್ದಲ ಅಡಗಿದ ಮೇಲೆ ನನಗೆ ಕೇಳುವುದು ರೈಲಿನ ಸಿಳ್ಳು. ಯಲಹಂಕದಿಂದ ಚನ್ನಸಂದ್ರದ ಕಡೆಗೆ ಹೋಗುವ ಹಳಿ ನಮ್ಮೂರಿನ ಪಕ್ಕದಲ್ಲೇ ಹಾಯುತ್ತದೆ. ಗಾಡಿಯ ಸದ್ದು ಮನೆಯೊಳಗೆ ಬರುತ್ತದೆ, ಗಾಡಿ ಮಾತ್ರ ನಮಗಾಗಿ ನಿಲ್ಲುವುದಿಲ್ಲ. ಅದನ್ನು ಹತ್ತಬೇಕಾದರೆ ಯಲಹಂಕಕ್ಕೇ ಹೋಗಬೇಕು.

ರೈಲಿನ ಸುಧಾರಣೆಯೆಂದರೆ ವೇಗದ ಹೆಚ್ಚಳ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ದೂರದೂರಿಗೆ ಹೋಗುವವನಿಗೆ ಇದು ಸರಿಯಾದ ಮಾತೇ. ಆದರೆ ಹತ್ತಿಪ್ಪತ್ತು ಮೈಲಿ ಹೋಗಿ ದುಡಿದು ಸಂಜೆಗೆ ಮನೆ ಸೇರುವವರಿಗೆ ಮುಖ್ಯವಾದ ಪ್ರಶ್ನೆಗಳು ಬೇರೆ. ಗಾಡಿ ಎಲ್ಲಿ ನಿಲ್ಲುತ್ತದೆ? ಎಷ್ಟು ಹೊತ್ತಿಗೆ ಬರುತ್ತದೆ? ಅದನ್ನು ಹತ್ತುವುದು ಸಾಧ್ಯವೇ?

ನಮ್ಮ ಹಿಂದಿನವರಿಗೆ ಇದು ತಿಳಿದಿತ್ತು. 1915ರಲ್ಲಿ ಯಶವಂತಪುರದಿಂದ ಯಲಹಂಕ, ದೇವನಹಳ್ಳಿಗಳ ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿ ಅಗಲದ ಪುಟ್ಟ ಹಳಿಯನ್ನು ಹಾಕಿದರು. ಆ ದಾರಿಯ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳ ಹಳೆಯ ನಿಲ್ದಾಣಗಳು ಇಂದಿಗೂ ಉಳಿದಿವೆ. ಗಾಡಿ ಸಣ್ಣದು, ವೇಗವೂ ಅಷ್ಟಕ್ಕಷ್ಟೆ. ಆದರೂ ಅದು ಹಳ್ಳಿಗಳನ್ನು ಮಾತನಾಡಿಸುತ್ತ ಹೋಗುತ್ತಿತ್ತು. ಮುಂದೆ ಈ ದಾರಿ ಬ್ರಾಡ್‌ಗೇಜಿಗೆ ಪರಿವರ್ತನೆಯಾಯಿತು. ಹಳಿ ಅಗಲವಾದಷ್ಟು ಸೇವೆಯೂ ಅಗಲವಾಯಿತೆಂದು ಹೇಳಲು ನನಗೆ ಧೈರ್ಯ ಸಾಲದು.

ಇತ್ತೀಚಿನ ಒಂದು ನಿದರ್ಶನವನ್ನು ನೋಡೋಣ. 2021ರ ಜನವರಿಯಲ್ಲಿ ಇದೇ ದಾರಿಯಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆಂದು ಹೊಸ ಹಾಲ್ಟ್ ನಿಲ್ದಾಣವೊಂದು ತೆರೆಯಿತು. ರೈಲಿನ ದರ ಟ್ಯಾಕ್ಸಿಯ ದರಕ್ಕೆ ಹೋಲಿಸಿದರೆ ಏನೂ ಅಲ್ಲ. ಆದರೂ ಜನ ಮುಗಿಬೀಳಲಿಲ್ಲ. ದಿನಕ್ಕೆ ಕೆಲವೇ ಗಾಡಿಗಳು. ಒಂದು ತಪ್ಪಿದರೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯಬೇಕು. ವಿಮಾನ ಹತ್ತುವವನಾಗಲಿ, ಅಲ್ಲಿ ಪಾಳಿಯ ಮೇಲೆ ದುಡಿಯುವವನಾಗಲಿ ಅಂಥ ಗಾಡಿಯನ್ನು ನೆಚ್ಚುವುದು ಹೇಗೆ? ಜನ ಬರುವುದಿಲ್ಲವೆಂದು ಗಾಡಿಯನ್ನು ಕಡಿಮೆ ಮಾಡುವುದು, ಗಾಡಿಯಿಲ್ಲವೆಂದು ಜನ ದೂರವಾಗುವುದು, ಈ ವಿಷವರ್ತುಲವನ್ನು ಮೊದಲು ಮುರಿಯಬೇಕಾದವರು ಗಾಡಿಯನ್ನು ಓಡಿಸುವವರೇ.

ಗಾಡಿಗಳನ್ನು ಹೆಚ್ಚಿಸಿ ಎನ್ನುವುದು ಸುಲಭ, ನಿಜ. ಯಲಹಂಕದಿಂದ ದೇವನಹಳ್ಳಿಯ ಕಡೆಗೆ ಇರುವುದು ಒಂಟಿ ಹಳಿ. ಎದುರುಬದುರಾಗಿ ಬರುವ ಎರಡು ಗಾಡಿಗಳಲ್ಲಿ ಒಂದು, ಪಕ್ಕದ ಹಳಿಯಿರುವ ನಿಲ್ದಾಣದಲ್ಲಿ ನಿಂತು ಇನ್ನೊಂದಕ್ಕೆ ದಾರಿ ಬಿಡಬೇಕು. ಬರಿಯ ಹಾಲ್ಟ್‌ನಲ್ಲಿ ಇದಕ್ಕೆ ಅನುಕೂಲವಿರುವುದಿಲ್ಲ. ಆದ್ದರಿಂದ ಜೋಡಿ ಹಳಿ ಬರುವವರೆಗೆ, ಗಾಡಿಗಳು ಸಂಧಿಸುವ ನಿಲ್ದಾಣಗಳನ್ನು ಹೆಚ್ಚಿಸುವುದೇ ಹತ್ತಿರದ ದಾರಿ. ಮೆಮು ಗಾಡಿಗಳು ಇಂಥ ಸೇವೆಗೆ ತಕ್ಕವು. ಅವು ನಿಂತಲ್ಲಿಂದ ಬೇಗ ವೇಗವನ್ನು ಪಡೆಯುತ್ತವೆ. ಎರಡು ತುದಿಯಲ್ಲೂ ಚಾಲಕನ ಕೋಣೆಯಿರುವುದರಿಂದ ಎಂಜಿನ್ ತಿರುಗಿಸುವ ಕಾಲಹರಣವಿಲ್ಲ.

ಇನ್ನು ಹತ್ತುವ ಪ್ರಶ್ನೆ. ಎತ್ತರದ ಪ್ಲಾಟ್‌ಫಾರಂ ಎಂದರೆ ಹಳಿಯಿಂದ 760ರಿಂದ 840 ಮಿಲಿಮೀಟರ್ ಇರಬೇಕೆಂಬುದು ರೈಲ್ವೆಯ ನಿಯಮ. ಬೋಗಿಯ ನೆಲ ಅದಕ್ಕಿಂತಲೂ ಎತ್ತರ. ಹೀಗಿರುವಾಗ ಪ್ಲಾಟ್‌ಫಾರಂ ನೆಲಮಟ್ಟದಲ್ಲೇ ಇದ್ದರೆ ಗತಿಯೇನು? ಒಂದು ಸಣ್ಣ ನಿಲ್ದಾಣದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಹೂವಿನ ಬುಟ್ಟಿ ಹೊತ್ತ ವೃದ್ಧೆಯೊಬ್ಬಳು ಮೊದಲು ಬುಟ್ಟಿಯನ್ನು ಮೇಲಕ್ಕೆ ತಳ್ಳಿದಳು. ತಾನು ಹತ್ತುವಷ್ಟರಲ್ಲಿ ಗಾಡಿ ಚಲಿಸಿತು. ಒಳಗಿದ್ದವರು ರಟ್ಟೆ ಹಿಡಿದು ಎಳೆದುಕೊಳ್ಳದಿದ್ದರೆ ಬುಟ್ಟಿ ಬೆಂಗಳೂರು ಸೇರುತ್ತಿತ್ತು, ಆಕೆಯ ಗತಿ ಏನಾಗುತ್ತಿತ್ತೋ ಊಹಿಸಲಾರೆ. ಆಕೆ ಸೆರಗಿನಿಂದ ಬೆವರೊರೆಸಿಕೊಂಡು, "ದಿನಾ ಇದ್ದದ್ದೇ ಸ್ವಾಮಿ" ಎಂದಳು. ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅಪಾಯವು ದಿನಚರಿಯಾಗುವುದಕ್ಕಿಂತ ದೊಡ್ಡ ಕೊರತೆ ಯಾವುದಿದೆ?

ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ವಿಚಾರ 1983ರಷ್ಟು ಹಿಂದಿನದು. 148 ಕಿಲೋಮೀಟರಿನ ಯೋಜನೆಗೆ ಕೇಂದ್ರದ ಒಪ್ಪಿಗೆ ದೊರೆತದ್ದು 2020ರಲ್ಲಿ, ಶಂಕುಸ್ಥಾಪನೆ 2022ರ ಜೂನ್‌ನಲ್ಲಿ. 40 ತಿಂಗಳಲ್ಲಿ ಮುಗಿಸುವ ಮಾತು ಅಂದು ಬಂದಿತ್ತು, ಮುಗಿಯಲಿಲ್ಲ. ಅದರ ನಾಲ್ಕು ದಾರಿಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ಹೆಸರುಗಳನ್ನಿಟ್ಟಿದ್ದಾರೆ. ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುವ ಕನಕ ಮಾರ್ಗದಲ್ಲಿ ನಮ್ಮ ಜಕ್ಕೂರಿಗೂ ಒಂದು ನಿಲ್ದಾಣವನ್ನು ಯೋಜಿಸಿದ್ದಾರೆ. ಕನ್ನಡದ ಮೇಷ್ಟರಾಗಿದ್ದ ನನಗೆ ಈ ಹೆಸರುಗಳು ಹಿತವಾಗಿವೆ. ಆದರೆ ಹೆಸರಿನ ಪರಿಮಳ ನಿಲ್ದಾಣದವರೆಗೂ ಬರಬೇಕಷ್ಟೆ. ನೆರಳು, ಕುಡಿಯುವ ನೀರು, ಶುಚಿಯಾದ ಶೌಚಾಲಯ, ಇರುಳಿನಲ್ಲಿ ದೀಪ, ಊರಿನಿಂದ ನಿಲ್ದಾಣಕ್ಕೆ ನಡೆಯಲು ಒಂದು ಹಾದಿ: ಇವು ವೈಭವಗಳಲ್ಲ.

ನಿಲ್ದಾಣ ಎಂಬ ಮಾತಿನ ಮೂಲದಲ್ಲಿರುವುದು ನಿಲ್ಲುವ ಕ್ರಿಯೆ. ಗಾಡಿ ನಿಂತರೆ ಸಾಲದು. ಮನುಷ್ಯನೂ ಅಲ್ಲಿ ಗೌರವದಿಂದ ನಿಲ್ಲುವಂತಿರಬೇಕು. ಹೂವಿನ ಹೆಸರಿನ ಗಾಡಿಗೆ ಹೂವಿನ ಬುಟ್ಟಿಯವಳು ಯಾರ ಕೈಯನ್ನೂ ಬೇಡದೆ ಹತ್ತಿದ ದಿನ, ನಮ್ಮ ರೈಲು ಸುಧಾರಿಸಿತೆಂದು ನಾನು ಒಪ್ಪುತ್ತೇನೆ.